ಭಾವ ತುಂಬಿದ ದನಿ

ಅಚ್ಚುಕೂಟದಲ್ಲಿ ಎಲ್ಲರೂ ಅವನನ್ನು ಅಲ್ಪವಿರಾಮ ಎಂದು ಕರೆಯುತ್ತಿದ್ದರು. ಅವಸರದಲ್ಲಿದ್ದವರು ಅಷ್ಟುದ್ದ ಹೇಳಲಾರದೆ ಬರೀ ಅಲ್ಪ ಎಂದು ಕೂಗುತ್ತಿದ್ದರು. ಹಾಗೆ ಕರೆಸಿಕೊಂಡರೆ ಬೇರೆ ಯಾರಾದರೂ ಮುಖ ಊದಿಸಿಕೊಳ್ಳುತ್ತಿದ್ದರೇನೋ, ಅವನು ಮಾತ್ರ “ಹೂಂ, ಏನು?” ಎಂದು ಎದ್ದು ಬರುತ್ತಿದ್ದ. ಅವನ ಕೆಲಸವೇ ಹಾಗಿತ್ತು. ಯಂತ್ರಗಳ ಸದ್ದು ತಡೆಯಲೆಂದು ಹಲಗೆ ಅಡ್ಡಕಟ್ಟಿದ ಒಂದು ಗೂಡು. ಅದರೊಳಗೆ ಕರಡು ತಿದ್ದುವ ಹಿರಿಯರು ಅಚ್ಚಾದ ಹಾಳೆ ಹಿಡಿದು ಕೂರುವರು, ಎದುರಿಗೆ ಇವನು ಮೂಲ ಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು. ಪದಗಳ ಜೊತೆಗೆ ಚಿಹ್ನೆಗಳನ್ನೂ ಬಾಯಲ್ಲಿ ಹೇಳಬೇಕು. “ತೆರಿಗೆ ಕಟ್ಟದವರ ನಲ್ಲಿಯನ್ನು ಅಲ್ಪವಿರಾಮ ಯಾವ ಮುನ್ಸೂಚನೆಯೂ ಇಲ್ಲದೆ ಅಲ್ಪವಿರಾಮ ಕಡಿದುಹಾಕಲಾಗುವುದು ಪೂರ್ಣವಿರಾಮ.” ಬೆಳಗಿನಿಂದ ಸಂಜೆಯವರೆಗೆ ಇದೇ. ಏರಿಲ್ಲ, ಇಳಿತವಿಲ್ಲ, ಗಿರಣಿಯಲ್ಲಿ ಹಿಟ್ಟು ಬಿದ್ದ ಹಾಗೆ ಒಂದೇ ಸಮ. ಆ ಹಿರಿಯರಿಗೂ ಒಂದು ಅಡ್ಡಹೆಸರಿತ್ತು. ಕರಡು ತಿದ್ದುವವರಾದ್ದರಿಂದ, ಮೈಮೇಲೆ ಕೂದಲೂ ಜಾಸ್ತಿ ಇದ್ದದ್ದರಿಂದ, ಬೆನ್ನ ಹಿಂದೆ ಅವರು ಕರಡಿ ಮೇಷ್ಟ್ರು.

ಕವಿ ಆ ಅಚ್ಚುಕೂಟಕ್ಕೆ ಬಂದದ್ದು ತನ್ನ ಎರಡನೆಯ ಪುಸ್ತಕ ಅಚ್ಚು ಹಾಕಿಸಲು. ಹೊಟ್ಟೆಪಾಡಿಗೆ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮೊದಲನೆಯ ಪುಸ್ತಕವೇ ಅವನಿಗೆ ದೊಡ್ಡ ಹೆಸರು ತಂದಿತ್ತು. ಕಾಲೇಜಿನ ಹುಡುಗರು ಅವನ ಪ್ರೇಮದ ಸಾಲುಗಳನ್ನು ನಕಲು ಮಾಡಿ ತಮ್ಮದೆಂದು ಹುಡುಗಿಯರಿಗೆ ಕೊಡುತ್ತಿದ್ದರಂತೆ. ಸಭೆಗೆ ಬಂದು ಓದಿ ಎಂದು ಕರೆಯದ ಊರಿರಲಿಲ್ಲ, ಅವನು ಹೋದ ಊರೂ ಇರಲಿಲ್ಲ. ಜನ ಅದನ್ನು ನಾಚಿಕೆ ಎಂದರು, ಕೆಲವರು ಜಂಬ ಎಂದರು. ನಿಜವಾದ ಕಾರಣ ಗೊತ್ತಿದ್ದದ್ದು ಅವನ ಬಾಯಿಂದ ಬೈಸಿಕೊಂಡವರಿಗೆ ಮಾತ್ರ. ಅವನದು ತಗಡು ಕೆರೆದಂಥ ಕೀಚಲು ದನಿ. ಆ ದನಿಯಲ್ಲಿ ಅವನು ಬಾಗಿಲಲ್ಲಿ ನಿಂತು “ನನ್ನ ದೀರ್ಘ ಎಲ್ಲಿ ಹೋಯ್ತು? ಯಾರು ತಿಂದ್ರು?” ಎಂದು ರೇಗಿದರೆ ಅಚ್ಚಿನ ಮೊಳೆ ಜೋಡಿಸುವವರು ಗೋಡೆಯ ಕಡೆ ತಿರುಗಿ ನಗುತ್ತಿದ್ದರು.

ಒಂದು ಮಧ್ಯಾಹ್ನ ಕವಿ ಬಂದಾಗ ಗೂಡಿನಲ್ಲಿ ಅವನದೇ ಪದ್ಯ ಓದಿಸಿಕೊಳ್ಳುತ್ತಿತ್ತು. “ಬಾಗಿಲಿಗೆ ಬಂದವಳು ನೀನಲ್ಲ ಅಲ್ಪವಿರಾಮ ಗಾಳಿ ಅರ್ಧವಿರಾಮ ಆದರೂ ಎದ್ದು ಚಿಲಕ ತೆಗೆದೆ ಪೂರ್ಣವಿರಾಮ.” ಕವಿ ಕಿವಿ ಮುಚ್ಚಿಕೊಂಡ.

“ಇನ್ನೊಂದು ಸಲ ಓದು. ಚಿಹ್ನೆ ಬೇಡ.”

“ಚಿಹ್ನೆ ಬಿಟ್ಟು ಓದಿ ನಂಗೆ ಅಭ್ಯಾಸ ಇಲ್ಲ.”

“ಹೆಂಡತಿ ಹತ್ರ ಮಾತಾಡುವಾಗ್ಲೂ ಪೂರ್ಣವಿರಾಮ ಹಾಕ್ತೀಯಾ?”

“ಮದುವೆ ಆಗಿಲ್ಲ.”

“ಆಗದೇ ಇರೋದು ಒಳ್ಳೇದಾಯ್ತು. ಓದು.”

ಅವನು ಓದಿದ. ಮೊದಲು ತೊದಲಿದ, ಆಮೇಲೆ ದಾರಿ ಸಿಕ್ಕಿತು. ಅದು ತುಂಬಿದ ಕೊಡ ಕೆಳಗಿಟ್ಟಾಗ ಬರುವಂಥ ತಗ್ಗಿನ, ಗಟ್ಟಿ ದನಿ. ಹಾಗೊಂದು ದನಿ ತನ್ನೊಳಗಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಕರಡಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಕವಿ, “ಈ ಗಂಟಲು ನಿನಗ್ಯಾಕೆ ಕೊಟ್ರೋ, ವ್ಯರ್ಥ” ಎಂದು ಹೇಳಿ, ಸಂಜೆ ಮನೆಗೆ ಬಾ ಎಂದ.

ಕವಿಯ ಮನೆ ಎಂದರೆ ಬಾಡಿಗೆಯ ಮೂರು ಕೋಣೆ, ಮುರುಕು ಮೇಜು, ಒಬ್ಬಳು ತಂಗಿ. ಅಪ್ಪ ಅಮ್ಮ ಬೇಗ ಹೋದ ಮೇಲೆ ಅಣ್ಣನೇ ಅವಳನ್ನು ಸಾಕಿದ್ದ. ಈಗ ಅವಳು ಅಣ್ಣನನ್ನು ಸಾಕುತ್ತಿದ್ದಳು. ಉಪ್ಪು ಹೆಚ್ಚಾದರೆ ಅವನು ತಟ್ಟೆ ತಳ್ಳುವನು, ಕಡಿಮೆಯಾದರೆ ಒಂದು ಗಂಟೆ ಉಪನ್ಯಾಸ ಮಾಡುವನು. ಊರಿನವರೆಲ್ಲ ಕವಿಯ ಪ್ರೇಯಸಿ ಯಾರಿರಬಹುದು ಎಂದು ತಲೆ ಕೆಡಿಸಿಕೊಂಡಿದ್ದಾಗ, ಅಂಥವಳು ಯಾರೂ ಇಲ್ಲ ಎಂದು ಗೊತ್ತಿದ್ದವಳು ಅವಳೊಬ್ಬಳೇ.

“ಆ ಚಿಲಕದ ಪದ್ಯ ಇದೆಯಲ್ಲ,” ಎಂದು ಅವಳು ಚಹಾ ಕೊಡುತ್ತಾ ಹೇಳಿದಳು, “ಆಗ ನಮ್ಮ ಬಾಗಿಲ ಚಿಲಕ ಸಡಿಲ ಆಗಿತ್ತು. ಗಾಳಿ ಬಂದ್ರೆ ದಬದಬ ಬಡ್ಕೊಳ್ಳೋದು. ಬಡಗಿ ಕರ್ಕೊಂಡು ಬಾ ಅಂತ ಅಣ್ಣಂಗೆ ಹೇಳಿದ್ರೆ ಪದ್ಯ ಬರ್ಕೊಂಡು ಬಂದ.”

ಅಲ್ಪವಿರಾಮ ನಕ್ಕ. ಆ ನಗುವಿನಲ್ಲೇ ಅವನ ಮುಂದಿನ ಬದುಕು ನಿಶ್ಚಯವಾಯಿತು. ವಾರಕ್ಕೊಮ್ಮೆ ಹೋಗುತ್ತಿದ್ದವನು ದಿನವೂ ಹೋಗತೊಡಗಿದ. ಕವಿಗೆ ಅರ್ಥವಾಗಿತ್ತು, ಆದರೆ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಅಷ್ಟರಲ್ಲಿ ಅವನಿಗೆ ಕೆಮ್ಮು ಶುರುವಾಗಿತ್ತು. ವೈದ್ಯರು ಎದೆಗೆ ಕಿವಿಯಿಟ್ಟು ಕೇಳಿ, ತಂಗಿಯನ್ನು ಹೊರಗೆ ಕರೆದು ಮಾತಾಡಿದರು.

ಅದೇ ವರ್ಷ ಗ್ರಾಮಫೋನ್ ಕಂಪನಿಯೊಂದು ಊರೂರು ಸುತ್ತಿ ಹಾಡು, ನಾಟಕದ ಮಾತು ಮುದ್ರಿಸಿಕೊಳ್ಳುತ್ತಿತ್ತು. ಕವಿಯ ಪದ್ಯಗಳು ಅವನದೇ ಕಂಠದಲ್ಲಿ ಬೇಕು ಎಂದು ಕೇಳಿದರು. ಸಭೆಗಳಿಗೆಲ್ಲ ಆಗುವುದಿಲ್ಲ ಎಂದಿದ್ದವನು ಇದಕ್ಕೆ ಆಗಲಿ ಎಂದುಬಿಟ್ಟ. ತಾನು ಹೆಚ್ಚು ದಿನ ಇರುವುದಿಲ್ಲ ಎಂದು ಅವನಿಗೂ ತಿಳಿದಿತ್ತು.

ವಸತಿಗೃಹವೊಂದರ ಮೇಲಿನ ಕೋಣೆಯಲ್ಲಿ ಯಂತ್ರ ಹೂಡಿದ್ದರು. ಕವಿಯ ಜೊತೆ ತಂಗಿಯೂ ಅಲ್ಪವಿರಾಮನೂ ಹೋದರು. ಬೀದಿಯ ಸದ್ದು ಬರದಂತೆ ಕಿಟಕಿಗೆಲ್ಲ ರಜಾಯಿ ಕಟ್ಟಿ, ಸೂಜಿ ದನಿಯನ್ನು ಕೊರೆಯುವ ಮೇಣದ ತಟ್ಟೆ ಗಡುಸಾಗದಿರಲೆಂದು ಕೋಣೆಯನ್ನು ಬಿಸಿಯಾಗಿಟ್ಟಿದ್ದರು. ಒಳಗೆ ಕಾಲಿಟ್ಟರೆ ಉಸಿರು ಕಟ್ಟುತ್ತಿತ್ತು. ಗೋಡೆಯಿಂದ ಒಂದು ದೊಡ್ಡ ತಗಡಿನ ಕೊಳವೆ ಬಾಯಿ ತೆರೆದುಕೊಂಡಿತ್ತು. ಅದರೊಳಗೆ ಮುಖ ಹಾಕಿ ಕೂಗಬೇಕು, ಇಲ್ಲದಿದ್ದರೆ ಸೂಜಿಗೆ ತಾಕುವುದಿಲ್ಲ ಎಂದು ಯಂತ್ರದವನು ಹೇಳಿದ. ‘ಬಾಗಿಲಿಗೆ ಬಂದವಳು ನೀನಲ್ಲ’ ಎಂಬ ಮಾತನ್ನು ಸಂತೆಯಲ್ಲಿ ಕೂಗುವ ಹಾಗೆ ಕೂಗುವುದು! ಕವಿ ಕೂಗಿದ. ಎರಡನೆಯ ಸಾಲಿಗೆ ಕೆಮ್ಮು ಬಂತು. ಮತ್ತೆ ಕೂಗಿದ. ಮೇಣದ ತಟ್ಟೆಗಳು ಒಂದರ ಹಿಂದೊಂದು ಹಾಳಾದವು. ಕೊನೆಗೆ ಕರವಸ್ತ್ರ ಕೆಂಪಾಯಿತು. ತಂಗಿ ಅವನನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು.

ಯಂತ್ರದವನು, “ಇವರಿಂದ ಆಗಲ್ಲ, ಬಿಟ್ಬಿಡಿ” ಎಂದ.

ಕವಿ ಉಸಿರು ಹಿಡಿದುಕೊಂಡು ಅಲ್ಪವಿರಾಮನ ಕಡೆ ಬೆರಳು ತೋರಿಸಿದ. “ಇವನು ಓದ್ತಾನೆ. ಹೆಸರು ನಂದೇ ಇರ್ಲಿ.”

“ಅದು ಸರಿ ಹೋಗಲ್ಲ,” ಅಲ್ಪವಿರಾಮ ಹಿಂದೆ ಸರಿದ. “ನಿಮ್ಮ ಪದ್ಯ, ನಿಮ್ಮ ಹೆಸರು, ಮಧ್ಯ ನಂದ್ಯಾಕೆ ಗಂಟಲು?”

“ನಾನು ಹೋದ್ಮೇಲೆ ಜನ ಈ ಕೀಚಲು ಕೇಳ್ಬೇಕಾ? ನಗ್ತಾರೆ ಕಣೋ. ನನ್ನ ಹೆಸರಿಗೆ ಒಂದು ಒಳ್ಳೇ ದನಿ ಸಿಕ್ಲಿ. ಅಷ್ಟು ಮಾಡು.” ಆಮೇಲೆ ಅವನ ಕೈ ಹಿಡಿದು, “ಯಾರಿಗೂ ಹೇಳ್ಬೇಡ. ಮಾತು ಕೊಡು” ಎಂದ.

ಅಲ್ಪವಿರಾಮ ಕವಿಯ ತಂಗಿಯ ಮುಖ ನೋಡಿದ. ಅವಳು ಬೇಡ ಎನ್ನಲಿಲ್ಲ. ಅವನು ಮಾತು ಕೊಟ್ಟ. ನಾಳೆ ಬೇರೆ ಊರಿಗೆ ಹೋಗುವ ಯಂತ್ರದವನಿಗೆ ತಟ್ಟೆ ತುಂಬಿದರೆ ಸಾಕಿತ್ತು.

ಕೊಳವೆಗೆ ಮುಖ ಕೊಟ್ಟು ನಿಂತ. ಯಂತ್ರದವನು ಬೆನ್ನಿನ ಮೇಲೆ ಕೈಯಿಟ್ಟು, ದನಿ ತಗ್ಗಿಸುವ ಕಡೆ ಅವನನ್ನು ಮುಂದಕ್ಕೆ ನೂಕುತ್ತಾ, ಏರಿಸುವ ಕಡೆ ಅಂಗಿ ಹಿಡಿದು ಹಿಂದಕ್ಕೆ ಎಳೆಯುತ್ತಾ ಇದ್ದ. ತಗಡಿನ ವಾಸನೆ, ಬೆವರು, ಕತ್ತಲು. ಅಲ್ಪವಿರಾಮ ಎಂಬ ಪದ ಬಾಯ ತುದಿಗೆ ಬರುವುದು, ಅದನ್ನು ನುಂಗಿಕೊಂಡು ಮುಂದಿನ ಸಾಲು ಹೇಳುವುದು. ಹೀಗೆ ನುಂಗಿದ ಕಡೆಯೆಲ್ಲ ಒಂದು ಸಣ್ಣ ಉಸಿರು ಬಿತ್ತು. ಕೊನೆಯಲ್ಲಿ ಇನ್ನೊಂದು ಪೀಕಲಾಟ. ತಟ್ಟೆ ಒತ್ತುವ ಕಾರ್ಖಾನೆಯಲ್ಲಿ ಒಂದಕ್ಕೊಂದು ಬದಲಾಗದಿರಲೆಂದು ಓದಿದವರು ತಮ್ಮ ಹೆಸರನ್ನು ತಾವೇ ಹೇಳಿ ಮುಗಿಸಬೇಕಿತ್ತು. ಅವನು ಕವಿಯ ಹೆಸರು ಹೇಳಿ, ಅದು ನಾನೇ ಎಂದ. ಆಗ ಅವನ ದನಿ ನಡುಗಿತು. ಹಿಂದೆ ಕುರ್ಚಿಯಲ್ಲಿ ಕೂತಿದ್ದ ಕವಿ ತಲೆಯಾಡಿಸಿ ನಗುತ್ತಿದ್ದ.

ತಟ್ಟೆಗಳು ಬರುವ ಮೊದಲೇ ಕವಿ ತೀರಿಕೊಂಡ. ಒಂದು ವರ್ಷ ಕಳೆದು ಅಲ್ಪವಿರಾಮ ಅವನ ತಂಗಿಯನ್ನು ಮದುವೆಯಾದ. ಕಂಪನಿಯವರು ತಟ್ಟೆಗಳ ಜೊತೆ ಒಂದು ಗ್ರಾಮಫೋನನ್ನೂ ಕಳಿಸಿದ್ದರು. ಮೊದಲ ಸಲ ಇಬ್ಬರೇ ಬಾಗಿಲು ಹಾಕಿಕೊಂಡು ಕೇಳಿದರು. ಗಂಡನ ದನಿ ಅಣ್ಣನ ಹೆಸರು ಹೇಳಿದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಅಣ್ಣ ಇದ್ದಿದ್ರೆ ಎದೆ ಉಬ್ಬಿಸ್ಕೊಂಡು ಬೀದಿಯೆಲ್ಲಾ ಸುತ್ತುತಿದ್ದ” ಎಂದಳು. ಅವನೂ ನಕ್ಕ. ಆ ವಿಷಯಕ್ಕೆ ಅವರಿಬ್ಬರೂ ಕೂಡಿ ನಕ್ಕದ್ದು ಅದೇ ಕೊನೆ.

ಏಕೆಂದರೆ ಆ ತಟ್ಟೆ ಮನೆಯೊಳಗೆ ಉಳಿಯಲಿಲ್ಲ. ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಮಹಡಿ ಮನೆಗಳ ಕಿಟಕಿಯಲ್ಲಿ ಎಲ್ಲೆಲ್ಲೂ ಅದೇ. ಕವಿಯ ಪರಿಚಯವಿದ್ದ ನಾಲ್ಕು ಜನ, ಇದೇನು ದನಿ ಇಷ್ಟು ದಪ್ಪ ಎಂದು ಹುಬ್ಬೇರಿಸಿದರು. ಯಂತ್ರ ಹಾಗೆ ಮಾಡುತ್ತದೆ ಎಂದು ಯಾರೋ ಸಮಾಧಾನ ಹೇಳಿದರು. ಪತ್ರಿಕೆಗಳಲ್ಲಿ ವಿದ್ವಾಂಸರು ಬರೆದರು. ಸಾಲಿನ ನಡುವೆ ಬೀಳುವ ಆ ಸಣ್ಣ ಉಸಿರು ಸಾವನ್ನು ಕಂಡವನ ಉಸಿರಂತೆ. ಕೊನೆಯಲ್ಲಿ ತನ್ನ ಹೆಸರು ಹೇಳುವಾಗಿನ ನಡುಕ ಲೋಕಕ್ಕೆ ವಿದಾಯ ಹೇಳುವ ನಡುಕವಂತೆ. ಅಂಥದೊಂದು ಲೇಖನ ಅದೇ ಅಚ್ಚುಕೂಟಕ್ಕೆ ಬಂತು, ಗೂಡಿನಲ್ಲಿ ಕೂತು ಅವನೇ ಅದನ್ನು ಓದಬೇಕಾಯಿತು. “ಇಷ್ಟು ಭಾವ ತುಂಬಿದ ದನಿಯನ್ನು ಅಲ್ಪವಿರಾಮ ನಾವು ಕೇಳಿರಲಿಲ್ಲ ಪೂರ್ಣವಿರಾಮ.”

ಕರಡಿ ಮೇಷ್ಟ್ರು ಹಾಳೆಯಿಂದ ಕಣ್ಣೆತ್ತದೆ, “ಭಾವ ತುಂಬಿರೋದು ನಿಜ. ಯಾವ ಭಾವ ಅಂತ ಅವರಿಗೆ ಗೊತ್ತಿಲ್ಲ” ಎಂದರು.

ಅವನು ಹಾಳೆ ಕೆಳಗಿಟ್ಟ. “ಮೇಷ್ಟ್ರೇ...”

“ಇಷ್ಟು ವರ್ಷ ನನ್ನ ಕಿವಿಗೆ ಸುರಿದಿದೀಯ. ನಂಗೆ ಗೊತ್ತಾಗಲ್ವಾ? ಹೋಗ್ಲಿ ಬಿಡು. ಅಚ್ಚಾಗಿ ಹೋದ ತಪ್ಪನ್ನ ನಾನು ತಿದ್ದೋಕೆ ಹೋಗಲ್ಲ. ಮುಂದಿನ ಸಾಲು ಓದು.”

ಮೇಷ್ಟ್ರು ಆ ಮಾತನ್ನು ಸಾಯುವ ತನಕ ಮತ್ತೆ ಎತ್ತಲಿಲ್ಲ.

ಕವಿಯ ಹೆಸರಿನಲ್ಲಿ ಒಂದು ಸ್ಮಾರಕ ಸಮಿತಿ ಹುಟ್ಟಿತು. ಅವರು ಆ ಬಾಡಿಗೆ ಮನೆಯನ್ನೇ ಕೊಂಡು, ತಂಗಿಯ ಸಂಸಾರ ಇಲ್ಲೇ ಇರಲಿ ಎಂದರು. ದೊಡ್ಡ ಮನಸ್ಸೇ, ಅಲ್ಲ ಎನ್ನುವಂತಿಲ್ಲ. ಆದರೆ ಮುಂದಿನ ಕೋಣೆ ಕವಿಯದು. ಅವನ ಮೇಜು, ಅವನ ಕುರ್ಚಿ, ಅವನ ಚಪ್ಪಲಿ, ಸುತ್ತ ಒಂದು ಹಗ್ಗ. ಗಂಡ, ಹೆಂಡತಿ, ಆಮೇಲೆ ಹುಟ್ಟಿದ ಮಗ ಹಿಂದಿನ ಎರಡು ಕೋಣೆಯಲ್ಲಿ. ಹೊರಗೆ ಹೋಗಬೇಕಾದರೆ ಆ ಹಗ್ಗದ ಪಕ್ಕದಲ್ಲಿ ಮೈ ಓರೆ ಮಾಡಿಕೊಂಡು ಹೋಗಬೇಕು. ಕುರ್ಚಿಯ ಕಾಲಿಗೆ ಗೆದ್ದಲು ಹಿಡಿದರೂ ಸಮಿತಿಗೆ ತಿಳಿಸದೆ ಮುಟ್ಟುವಂತಿಲ್ಲ. ಭಾನುವಾರ ಸಂಜೆ ಜನ ಬರುತ್ತಿದ್ದರು. ಹೆಂಡತಿ ಅಣ್ಣನ ಬಗ್ಗೆ ಹೇಳುವಳು. ಗಂಡ ಗ್ರಾಮಫೋನಿಗೆ ಕೀಲಿ ಕೊಟ್ಟು ಸೂಜಿ ಇಡುವನು. ಆಮೇಲೆ ಮೂಲೆಯಲ್ಲಿ ನಿಂತು ತನ್ನ ದನಿಯನ್ನು ಕೇಳಬೇಕು. ನಡುವೆ ಕೆಮ್ಮಿದರೆ ಯಾರಾದರೂ ತಿರುಗಿ ತುಟಿಯ ಮೇಲೆ ಬೆರಳಿಡುತ್ತಿದ್ದರು.

ಒಬ್ಬ ಮುದುಕಿ ತಪ್ಪದೆ ಬರುತ್ತಿದ್ದಳು. ಅವಳ ಮಗ ಕವಿಗೆ ಬಂದ ಕಾಯಿಲೆಯಲ್ಲೇ ಹೋಗಿದ್ದ. “ನನ್ನ ಮಗ ಕೊನೇಲಿ ಮಾತೇ ಆಡ್ಲಿಲ್ಲಪ್ಪಾ. ಈ ಹುಡುಗ ಎಷ್ಟು ಧೈರ್ಯವಾಗಿ ಓದಿದಾನೆ ನೋಡು” ಎಂದು ಅವನ ಕೈ ಹಿಡಿದುಕೊಳ್ಳುತ್ತಿದ್ದಳು. ಅವಳಿಗೆ ಏನೆಂದು ಹೇಳುವುದು? ಕವಿಗೆ ಕೊಟ್ಟ ಮಾತನ್ನು ಒಂದು ಪಕ್ಷ ಮುರಿಯಬಹುದಿತ್ತು. ಈ ಕೈಗಳನ್ನು ಬಿಡಿಸಿಕೊಳ್ಳುವುದು ಅವನಿಂದ ಆಗಲಿಲ್ಲ.

ಮತ್ತೊಂದು ಭಾನುವಾರ ಹೆಂಡತಿ ಬಂದವರಿಗೆ, “ಅಲ್ಲಿ ಉಸಿರು ಎಳ್ಕೊಳ್ತಾನಲ್ಲ, ಅಣ್ಣ ಚಿಕ್ಕವನಿದ್ದಾಗ್ಲೂ ಹಾಗೇ” ಎಂದಳು. ಎಷ್ಟು ಸಲೀಸಾಗಿ ಹೇಳಿದಳಲ್ಲ ಎಂದು ಅವನಿಗೆ ಒಳಗೊಳಗೇ ಮೆಚ್ಚಿಕೆಯಾಯಿತು. ಜನ ಹೋದ ಮೇಲೆ ಅಡುಗೆಮನೆಗೆ ಬಂದು, “ಆ ಉಸಿರಿನ ಕತೆ ಚೆನ್ನಾಗಿ ಕಟ್ದೆ” ಎಂದ.

“ಯಾವ ಕತೆ?”

“ಅದೇ, ಅಣ್ಣನ ಉಸಿರು ಅಂದ್ಯಲ್ಲ. ಅದು ನಂದಲ್ವಾ?”

ಅವಳು ಒಲೆಯ ಮುಂದಿನಿಂದ ಎದ್ದಳು. ಅವಳ ಮುಖ ಅವನು ಎಂದೂ ಕಾಣದಷ್ಟು ಬಿಗಿದುಕೊಂಡಿತ್ತು. “ಸತ್ತವನ ಹತ್ರ ಇರೋದು ಅದೊಂದೇ. ಅದೂ ನಿಮಗೇ ಬೇಕಾ?”

ಅವಳು ನಿಜವಾಗಿಯೂ ಮರೆತಿದ್ದಾಳೋ, ಮರೆತವಳ ಹಾಗೆ ಇದ್ದಾಳೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಗುಟ್ಟು ಇಬ್ಬರದಾಗಿದ್ದಾಗ ಅದು ಅಷ್ಟು ಭಾರವಿರಲಿಲ್ಲ. ಅಂದಿನಿಂದ ಅವನೊಬ್ಬನೇ ಅದನ್ನು ಹೊತ್ತ.

ಮಗನಿಗೆ ಆಗ ನಾಲ್ಕೋ ಐದೋ. ಮಲಗಿಸುವಾಗ ಅಪ್ಪ ಕತೆ ಹೇಳುವುದು ವಾಡಿಕೆ. ಒಂದು ದಿನ ಕತೆಯ ನಡುವೆ ಮಗು ಹೊದಿಕೆ ಮುಖಕ್ಕೆ ಎಳೆದುಕೊಂಡಿತು.

“ಏನಾಯ್ತೋ?”

“ನೀನು ಮಾವನ ಥರ ಮಾತಾಡ್ಬೇಡಪ್ಪಾ. ಮಾವ ಸತ್ತೋಗಿದಾನೆ. ನಂಗೆ ಭಯ ಆಗತ್ತೆ.”

ಅಂದು ಅವನು ಕತೆಯನ್ನು ಪಿಸುಗುಟ್ಟಿ ಮುಗಿಸಿದ. ಮರುದಿನದಿಂದ ಮನೆಯಲ್ಲಿ ದನಿ ಬದಲಿಸಿದ. ಗಂಟಲು ಬಿಗಿಹಿಡಿದು, ಮೂಗಿನಿಂದ ಅರ್ಧ, ಬಾಯಿಂದ ಅರ್ಧ, ನೆಗಡಿಯಾದವರ ಹಾಗೆ. ಅಚ್ಚುಕೂಟದಲ್ಲೂ ಅದೇ ಬಳಸತೊಡಗಿದ. ಅಲ್ಲಿ ಆಗಲೇ “ಅಲ್ಪ ಅವನ ಭಾವನ ನಕಲು ಹೊಡೀತಾನೆ” ಎಂದು ಆಡಿಕೊಳ್ಳುವವರಿದ್ದರು. ವರ್ಷಗಳು ಕಳೆದಂತೆ ಬಿಗಿಹಿಡಿಯುವ ಶ್ರಮವೂ ಬೇಕಾಗಲಿಲ್ಲ, ಗಂಟಲು ತಾನೇ ಹಾಗೆ ಕೂತುಕೊಂಡಿತು. ದಾರಿಯಲ್ಲಿ ಹೋಗುವಾಗ ಯಾವುದೋ ಕಿಟಕಿಯಿಂದ ತಟ್ಟೆಯ ದನಿ ಬಂದರೆ ಅವನು ನಿಂತು ಕೇಳುತ್ತಿದ್ದ. ಊರು ಬಿಟ್ಟುಹೋದ ಗೆಳೆಯನ ಸುದ್ದಿ ಕೇಳಿದ ಹಾಗಾಗುತ್ತಿತ್ತು.

ಇದೆಲ್ಲ ಹೀಗೇ ಸಾಗಿಬಿಡುತ್ತಿತ್ತೇನೋ. ಆದರೆ ಮಗ ಬೆಳೆದ. ಮೀಸೆ ಮೂಡುವ ವಯಸ್ಸಿಗೆ ಅವನ ಗಂಟಲು ಒಡೆಯಿತು. ಕೆಲವು ತಿಂಗಳು ಕಪ್ಪೆಯಂತೆ ವಟಗುಟ್ಟಿ, ಒಂದು ಬೆಳಿಗ್ಗೆ ಹಿತ್ತಲಿನಿಂದ “ಅಮ್ಮಾ, ಟವೆಲ್ಲು” ಎಂದು ಕೂಗಿದ. ಅಡುಗೆಮನೆಯಲ್ಲಿ ಅವಳ ಕೈಯಿಂದ ಪಾತ್ರೆ ಬಿತ್ತು. ಗ್ರಾಮಫೋನ್ ತಟ್ಟೆಯ ದನಿ! ಅದೇ ತಗ್ಗು, ಅದೇ ತುಂಬು. ಅವಳು ಓಡಿಬಂದು ಮಗನ ಮುಖ ಸವರಿ ಅತ್ತಳು. “ಅಣ್ಣನ ಕಂಠ. ನನ್ನ ಅಣ್ಣನ ಕಂಠ ಬಂದಿದೆ ಇವನಿಗೆ.” ಅಪ್ಪ ಬಾಗಿಲಲ್ಲಿ ನಿಂತಿದ್ದ. ತನ್ನ ಮಗನಿಗೆ ತನ್ನ ದನಿ ಬಂದದ್ದನ್ನು ನೋಡಿ ಸಂತೋಷಪಡುವ ಹಕ್ಕೂ ತನಗಿಲ್ಲ ಎಂದು ಅಂದು ಅವನಿಗೆ ಅನ್ನಿಸಿತು.

ಸುದ್ದಿ ಸಮಿತಿಗೆ ಮುಟ್ಟಿತು. ಕಾರ್ಯದರ್ಶಿಗಳು ಬಂದು ಹುಡುಗನಿಂದ ಒಂದು ಪದ್ಯ ಓದಿಸಿ ರೋಮಾಂಚನಗೊಂಡರು. ರಕ್ತ ಎಲ್ಲಿಗೆ ಹೋಗುತ್ತೆ ಎಂದರು. ವರ್ಷಾಚರಣೆಯ ಸಭೆಯಲ್ಲಿ ಇವನೇ ಓದಬೇಕು, ಕವಿಯ ಕೋಟು ಹಾಕಿಕೊಂಡು, ಕವಿಯ ಹಾಗೆ ಕ್ರಾಪು ಬಾಚಿಕೊಂಡು. ಅಮ್ಮ ಕೋಟನ್ನು ಬಿಸಿಲಿಗೆ ಹಾಕಿದಳು. ಹುಡುಗ ಏನೂ ಹೇಳಲಿಲ್ಲ. ನಿಜವಾಗಿ ಏನೂ ಹೇಳಲಿಲ್ಲ, ಮಾತನ್ನೇ ನಿಲ್ಲಿಸಿದ. ಹಸಿವಾದರೆ ಊಟದ ತಟ್ಟೆ ಹಾಕಿಕೊಂಡು ಕೂರುವನು, ಸಾಕಾದರೆ ಕೈ ಅಡ್ಡ ಹಿಡಿಯುವನು. ಶಾಲೆಯಲ್ಲೂ ಅದೇ ಎಂದು ಅಲ್ಲಿನ ಮೇಷ್ಟ್ರು ಹೇಳಿಕಳಿಸಿದರು. ಅಮ್ಮ ಗಂಟಲಿಗೆ ಕಷಾಯ ಕುದಿಸಿದಳು.

ಅಪ್ಪನಿಗೆ ಮಾತ್ರ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡ ಮಗು ಕಣ್ಣಿಗೆ ಕಟ್ಟಿತು. ಯಾವ ದನಿಗೆ ಹೆದರಿ ಮಗು ಅಂದು ಮುಖ ಮುಚ್ಚಿಕೊಂಡಿತ್ತೋ ಅದು ಈಗ ಅದರ ಗಂಟಲಲ್ಲೇ ಕೂತಿತ್ತು.

ಭಾನುವಾರ ಬೆಳಿಗ್ಗೆ ಅವನು ಮಗನನ್ನು ಕರೆದುಕೊಂಡು ಅಚ್ಚುಕೂಟಕ್ಕೆ ಹೋದ. ರಜೆಯಾದ್ದರಿಂದ ಯಂತ್ರಗಳು ನಿಂತಿದ್ದವು, ಕಾವಲುಗಾರ ಬಿಟ್ಟರೆ ಯಾರೂ ಇರಲಿಲ್ಲ. ಶಾಯಿಯ, ಸೀಮೆಎಣ್ಣೆಯ ವಾಸನೆ. ಗೂಡಿನಲ್ಲಿ ಎದುರುಬದುರು ಕೂತರು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೊಳವೆ, ಕರವಸ್ತ್ರ, ಕೊಟ್ಟ ಮಾತು, ಎಲ್ಲ.

ಮಗ ನೆಲ ನೋಡುತ್ತಾ ಕೇಳಿದ. ಕೊನೆಗೆ ತೀರ ಮೆಲ್ಲಗೆ, “ನನ್ನ ಸಮಾಧಾನಕ್ಕೆ ಹೇಳ್ತಿದೀಯ. ನಿನ್ನ ದನಿ ಹಾಗಿಲ್ಲ” ಎಂದ.

ಅಪ್ಪ ಸುತ್ತ ನೋಡಿದ. ಮೇಜಿನ ಮೇಲೆ ಒಂದು ರೈಲು ವೇಳಾಪಟ್ಟಿಯ ಕರಡು ಬಿದ್ದಿತ್ತು. ಅದನ್ನೇ ಎತ್ತಿಕೊಂಡು ಓದಲು ಹೊರಟ. ಬಂದದ್ದು ನೆಗಡಿಯ ದನಿ. ಕೆಮ್ಮಿದ, ನೀರು ಕುಡಿದ, ಮತ್ತೆ ಓದಿದ. ಗಂಟಲಿನ ಬೀಗ ತುಕ್ಕು ಹಿಡಿದಿತ್ತು. ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಇದು ಆಗುವ ಕೆಲಸವಲ್ಲ ಎನ್ನುವಷ್ಟರಲ್ಲಿ ಎಲ್ಲೋ ಒಂದು ಕಡೆ ಸಡಿಲವಾಯಿತು. “ಪ್ರಯಾಣಿಕರ ಗಾಡಿ ನಸುಕಿನಲ್ಲಿ ಹೊರಟು ಎಲ್ಲ ನಿಲ್ದಾಣಗಳಲ್ಲೂ ನಿಂತು ಸಂಜೆಗೆ ತಲುಪುವುದು. ಊಟದ ವ್ಯವಸ್ಥೆ ಇರುವುದಿಲ್ಲ.” ಪ್ರೇಮದ ಪದ್ಯ ಓದಿದ ಅದೇ ದನಿ, ವಯಸ್ಸಾಗಿತ್ತು ಅಷ್ಟೆ.

ಮಗ ತಲೆಯೆತ್ತಿ ಅಪ್ಪನ ಬಾಯನ್ನೇ ನೋಡಿದ. ಆಮೇಲೆ ಹಾಳೆಯನ್ನು ಕಿತ್ತುಕೊಂಡು, “ಸರಕು ಗಾಡಿಯಲ್ಲಿ ಜನ ಹತ್ತಕೂಡದು” ಎಂದು ಓದಿದ. ಖಾಲಿ ಅಚ್ಚುಕೂಟದಲ್ಲಿ ಎರಡೂ ಒಂದೇ ದನಿ. ಹುಡುಗನಿಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಕಾವಲುಗಾರ ಬಂದು ಇಣುಕಿ ನೋಡಿ ಹೋದ.

ವರ್ಷಾಚರಣೆಗೆ ತಾನು ಓದುವುದಿಲ್ಲ ಎಂದು ಮಗ ಅಮ್ಮನಿಗೆ ಅದೇ ದಿನ ಹೇಳಿದ. ಜಗಳವಾಡಲಿಲ್ಲ, ಕೋಟನ್ನು ಮಡಿಸಿ ಪೆಟ್ಟಿಗೆಯ ಮೇಲಿಟ್ಟು ಆಟಕ್ಕೆ ಹೋದ. ಅವಳು ಗಂಡನ ಕಡೆ ತಿರುಗಿದಳು.

“ಹೇಳಿದ್ರಾ ಅವನಿಗೆ?”

“ಹೇಳ್ದೆ.”

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದ. ಅವಳು ಗೋಡೆಗೆ ಒರಗಿ ಕೂತಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ನಂಗೆ ಮರೆತಿಲ್ಲ ರೀ,” ಎಂದಳು. “ಆವತ್ತು ಕೋಣೇಲಿ ನಾನೂ ಇದ್ದೆನಲ್ಲ. ಮರೆತಿಲ್ಲ. ಆದ್ರೆ ಅಣ್ಣನ ದನಿ ಮರೆತುಹೋಯ್ತು. ಅವನ ನಿಜವಾದ ದನಿ. ನೆನಪು ಮಾಡ್ಕೊಳಕ್ಕೆ ಹೋದ್ರೆ ನಿಮ್ದೇ ಬರತ್ತೆ. ಅವನು ನನ್ನ ಬೈದಿದ್ದು, ಜ್ವರ ಬಂದಾಗ ತಲೆ ಸವರ್ತಾ ಏನೋ ಹೇಳಿದ್ದು, ಎಲ್ಲಾ ಆ ತಟ್ಟೆ ದನಿಯಲ್ಲೇ ಕೇಳತ್ತೆ. ಭಾನುವಾರ ಭಾನುವಾರ ಹಾಕಿ ಹಾಕಿ ಅವನದ್ದನ್ನ ಅಳಿಸಿಬಿಟ್ವಿ. ಅದನ್ನೂ ನಿಮ್ದು ಅಂದ್ಬಿಟ್ರೆ ನಂಗೆ ಏನುಳೀತು? ಅದಕ್ಕೇ ಅವನದ್ದೇ ಅಂದ್ಕೊಂಡೆ.”

ಇಷ್ಟು ವರ್ಷ ತಾನೊಬ್ಬನೇ ಆ ಹಗ್ಗದೊಳಗೆ ಸಿಕ್ಕಿಬಿದ್ದಿದ್ದೇನೆ ಎಂದು ಅವನು ತಿಳಿದಿದ್ದ. ಅವಳ ಪಕ್ಕದಲ್ಲಿ ಕೂತ. ಮೂಗನ್ನು ಎರಡು ಬೆರಳಲ್ಲಿ ಸ್ವಲ್ಪ ಒತ್ತಿ, ಗಂಟಲನ್ನು ಮೇಲಕ್ಕೆಳೆದು, “ಏನೇ ಇದು, ಚಹಾನೋ ಪಾತ್ರೆ ತೊಳೆದ ನೀರೋ? ಮನುಷ್ಯರಿಗೆ ಕೊಡೋದೋ, ಗಿಡಕ್ಕೆ ಹಾಕೋದೋ?” ಎಂದ.

ತಗಡು ಕೆರೆದ ಹಾಗೆ ಇತ್ತು. ಅವಳ ಬೆನ್ನು ನೆಟ್ಟಗಾಯಿತು.

“ಇನ್ನೊಂದು ಸಲ.”

“ಕಿವಿ ಕೇಳಲ್ವಾ? ಆಗ್ಲಿಂದ ಬಡ್ಕೋತಿದೀನಿ, ಕನ್ನಡಕ ಎಲ್ಲಿಟ್ಟೆ ಅಂತ. ಮೂಗಿನ ಮೇಲಿದೆ ಅಂತ ಹೇಳ್ಬೇಡ, ನಂಗೂ ಗೊತ್ತು.”

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು, ಅತ್ತಳೋ ನಕ್ಕಳೋ. “ಹೌದು,” ಎಂದಳು ಕೈಗಳ ಒಳಗಿಂದಲೇ, “ಹೀಗೇ ಇತ್ತು. ಅಯ್ಯೋ, ಎಷ್ಟು ಕೆಟ್ಟದಾಗಿತ್ತು.”

ಅವರು ಆ ಮನೆ ಬಿಡಲಿಲ್ಲ. ಬೇರೆ ಎಲ್ಲಾದರೂ ಹೋಗೋಣ ಎಂದು ಅವನು ಒಂದೆರಡು ಸಲ ಹೇಳಿದ. ಸಾಮಾನು ಕಟ್ಟುವ ಲೆಕ್ಕ ಹಾಕುವಷ್ಟರಲ್ಲಿ ಭಾನುವಾರ ಬಂದುಬಿಡುತ್ತಿತ್ತು. ಜನ ಬರುತ್ತಿದ್ದರು, ಅವನು ಕೀಲಿ ಕೊಡುತ್ತಿದ್ದ, ಮುದುಕಿ ಕೈ ಹಿಡಿದುಕೊಳ್ಳುತ್ತಿದ್ದಳು. ಬಂದವರ ಎದುರು ಅವನದು ಅದೇ ನೆಗಡಿಯ ದನಿ, ಬಿಡಬೇಕೆಂದರೂ ಬಿಡುತ್ತಿರಲಿಲ್ಲ. ಹೆಂಡತಿ ಮಾತ್ರ ಉಸಿರಿನ ಕತೆ ಹೇಳುವುದನ್ನು ನಿಲ್ಲಿಸಿದಳು. ಎಲ್ಲರೂ ಹೋದ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, “ಹೂಂ, ಸ್ವಲ್ಪ ಬೈಯ್ರಿ” ಎನ್ನುತ್ತಿದ್ದಳು. ಅವನು ಸಾರಿನ ಉಪ್ಪಿನಿಂದ ಹಿಡಿದು ಸರ್ಕಾರದವರೆಗೆ ಕೀಚಲು ದನಿಯಲ್ಲಿ ಬೈಯುತ್ತಿದ್ದ. ಈ ವಯಸ್ಸಿನಲ್ಲೂ ಜಗಳ ಬಿಟ್ಟಿಲ್ಲವಲ್ಲ ಎಂದು ಪಕ್ಕದ ಮನೆಯವರು ಮರುಗಿದರು.

ಮಗ ಓದು ಮುಗಿಸಿ ಬೇರೆ ಊರಿನ ತರಕಾರಿ ಮಂಡಿಯಲ್ಲಿ ಹರಾಜು ಕೂಗುವ ಕೆಲಸ ಹಿಡಿದ. ಈರುಳ್ಳಿಯ ರಾಶಿಯ ಮುಂದೆ ನಿಂತು ಅವನು ಬೆಲೆ ಕೂಗಿದರೆ, ಈ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಯಾರಾದರೂ ಅನ್ನುವುದುಂಟು. “ನಮ್ಮಪ್ಪಂದು” ಎಂದು ಹೇಳಿ ಅವನು ಮುಂದಿನ ರಾಶಿಗೆ ಹೋಗುತ್ತಾನೆ. ಅವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಅಮ್ಮ ಹೋದ ಮೇಲೆ ಅವನು ಅಪ್ಪನನ್ನು ಕರೆದುಕೊಂಡು ಹೋಗಲು ಬಂದ. ಅಪ್ಪ ಒಪ್ಪಲಿಲ್ಲ. ಭಾನುವಾರ ಸೂಜಿ ಇಡುವವರು ಬೇಕಲ್ಲ ಎಂದ. ಮಗ ಒತ್ತಾಯ ಮಾಡಲಿಲ್ಲ, ತಿಂಗಳಿಗೊಮ್ಮೆ ತಾನೇ ಬರತೊಡಗಿದ. ಬಂದಾಗ ಇಬ್ಬರೂ ಹಿತ್ತಲಿನ ಕಲ್ಲಿನ ಮೇಲೆ ಕೂತು ಮಾತಾಡುವರು. ಮಗನ ಎದುರಿಗೆ ಅಪ್ಪನ ಗಂಟಲು ಒಮ್ಮೊಮ್ಮೆ ತೆರೆಯುತ್ತಿತ್ತು, ಕೆಲವು ದಿನ ತೆರೆಯುತ್ತಿರಲಿಲ್ಲ. ಭಾನುವಾರ ಅಪ್ಪ ಸೂಜಿ ಇಟ್ಟು ಬಂದು, ಮುಂದಿನ ಕೋಣೆಯ ಜನರಿಗಾಗಿ ತಟ್ಟೆ ತಿರುಗುತ್ತಿದ್ದರೆ, ಇಬ್ಬರೂ ಮಾತು ನಿಲ್ಲಿಸಿ ಅದು ಮುಗಿಯುವ ತನಕ ಕಾಯುತ್ತಿದ್ದರು.